'ಡಾರ್ಕ್ ಸಿಟಿ': ಸ್ಮೃತಿಯೂ ಅಪರಾಧವೂ

ಪತ್ತೇದಾರಿ ಕಥೆಗೆ ಸ್ಮೃತಿಯೇ ಅಡಿಗಲ್ಲು. ಸಾಕ್ಷಿಯು ಕಂಡುದನ್ನು ನೆನೆದು ನುಡಿಯುವನು. ಅಪರಾಧಿಯು ಮಾಡಿದುದನ್ನು ನೆನೆದು ಮರೆಮಾಚುವನು. ಪತ್ತೇದಾರನು ಇವೆರಡನ್ನೂ ಒರೆಗೆ ಹಚ್ಚಿ ನಡೆದುದನ್ನು ನಿರ್ಣಯಿಸುವನು. ಆ ಸ್ಮೃತಿಯೇ ಕೃತಕವಾಗಿದ್ದರೆ ಅಪರಾಧವು ಯಾರದು? ಅಲೆಕ್ಸ್ ಪ್ರೋಯಾಸರು ನಿರ್ದೇಶಿಸಿ 1998ರಲ್ಲಿ ಹೊರತಂದ 'ಡಾರ್ಕ್ ಸಿಟಿ' ಎಂಬ ಚಲಚ್ಚಿತ್ರವು ಈ ಪ್ರಶ್ನೆಯನ್ನೆತ್ತುತ್ತದೆ. ವೈಜ್ಞಾನಿಕ ಕಲ್ಪನೆಯೂ ಕೊಲೆಯ ರಹಸ್ಯವೂ ಇಲ್ಲಿ ಬರಿಯ ಜೋಡಣೆಯಾಗಿ ನಿಂತಿವೆಯೋ, ಒಂದಕ್ಕೊಂದು ಅಂಗವಾಗಿವೆಯೋ ಎಂಬುದು ನಮ್ಮ ವಿಚಾರ.

ಕಥಾಶರೀರವಿಷ್ಟು. ಹೋಟೆಲೊಂದರ ಸ್ನಾನದ ತೊಟ್ಟಿಯಲ್ಲಿ ಎಚ್ಚತ್ತ ಜಾನ್ ಮರ್ಡಕ್ ಎಂಬವನಿಗೆ ತಾನಾರೆಂಬುದೇ ತಿಳಿಯದು. ಕೋಣೆಯಲ್ಲಿ ಕೊಲೆಯಾದ ಹೆಂಗಸಿನ ಶವವಿದೆ. ಹಲವು ಸ್ತ್ರೀಯರ ಕೊಲೆಯ ಸಂಶಯದ ಮೇಲೆ ಇನ್‌ಸ್ಪೆಕ್ಟರ್ ಬಮ್‌ಸ್ಟೆಡ್ಡನು ಅವನ ಬೆನ್ನು ಹತ್ತುವನು. ಕ್ರಮೇಣ ಹೊರಬೀಳುವ ಸತ್ಯವೇನೆಂದರೆ, ಆ ನಗರವು ಭೂಮಿಯ ಮೇಲೆಯೇ ಇಲ್ಲ. ಅದು ಅಂತರಿಕ್ಷದಲ್ಲಿ ತೇಲುವ ಒಂದು ಪ್ರಯೋಗಶಾಲೆ. 'ಅಪರಿಚಿತ'ರೆಂಬ ಅನ್ಯಲೋಕದ ಜೀವಿಗಳು ಪ್ರತಿ ನಡುರಾತ್ರಿಯಲ್ಲಿಯೂ ಜನರನ್ನು ನಿದ್ದೆಗೆ ಕೆಡಹಿ, ಕಟ್ಟಡಗಳನ್ನು ಸಂಕಲ್ಪಮಾತ್ರದಿಂದ ಮಾರ್ಪಡಿಸಿ, ಡಾಕ್ಟರ್ ಶ್ರೇಬರನ ಮೂಲಕ ನಿದ್ರಿತರಿಗೆ ಹೊಸ ಸ್ಮೃತಿಗಳನ್ನು ಚುಚ್ಚಿಸುವರು. ಇವರೆಲ್ಲರಿಗೂ ಇರುವ ಸ್ಮೃತಿ ಒಂದೇ. ಇವರ ಕುಲವು ಅಳಿಯುತ್ತಿದೆ. ಮನುಷ್ಯನ ವ್ಯಕ್ತಿತ್ವದ ಮರ್ಮವನ್ನು ಅರಿತು ತಾವು ಉಳಿಯಬೇಕೆಂಬುದು ಇವರ ಹವಣಿಕೆ.

1946ರಲ್ಲಿ ಫ್ರಾನ್ಸಿನ ವಿಮರ್ಶಕರು 'ಕಪ್ಪು ಚಿತ್ರ'ಗಳೆಂದು ಹೆಸರಿಟ್ಟ ಅಮೆರಿಕದ ಅಪರಾಧಚಿತ್ರಗಳ ಲಕ್ಷಣಗಳೆಲ್ಲವೂ ಇಲ್ಲಿವೆ: ಮುಗಿಯದ ರಾತ್ರಿ, ನೆನೆದ ಬೀದಿ, ಉದ್ದನೆಯ ನೆರಳು, ರಾತ್ರಿಯ ಗಾನಶಾಲೆಯಲ್ಲಿ ಹಾಡುವ ನಾಯಿಕೆ. ಆ ಹಳೆಯ ಚಿತ್ರಗಳಲ್ಲಿ ಇರುಳು ಮನಸ್ಸಿನ ಕತ್ತಲೆಗೆ ಸಂಕೇತವಾಗಿತ್ತು. ಇಲ್ಲಿ ಅದು ಕಥೆಯ ವಾಸ್ತವವೇ ಆಗಿದೆ. ಹಗಲಿನಲ್ಲಿ ಏನನ್ನಾದರೂ ಮಾಡಿದ ನೆನಪುಂಟೇ ಎಂದು ಮರ್ಡಕ್ ಕೇಳಿದಾಗ ಇನ್‌ಸ್ಪೆಕ್ಟರನು ನಿರುತ್ತರನಾಗುವನು. 'ಶೆಲ್ ಬೀಚ್' ಎಂಬ ಕಡಲ ತೀರವನ್ನು ಎಲ್ಲರೂ ಬಲ್ಲರು. ಅಲ್ಲಿಗೆ ಹೋಗುವ ದಾರಿಯನ್ನು ಹೇಳಬಲ್ಲವರಿಲ್ಲ. ಹೀಗೆ ಅಲಂಕಾರವಾಗಿದ್ದುದೇ ವಸ್ತುವಾಗಿ ಪರಿಣಮಿಸಿದೆ.

ಕೃತಿಯ ಹೃದಯವಿರುವುದು ಎರಡು ಸನ್ನಿವೇಶಗಳಲ್ಲಿ. ಕೋಣೆಯಲ್ಲಿ ಗಾಜಿನ ಪಾತ್ರೆಯೊಡೆದು ಮೀನೊಂದು ನೆಲದ ಮೇಲೆ ಹೊರಳಾಡುತ್ತಿರಲು, ಹೆಸರನ್ನೂ ಅರಿಯದ ಮರ್ಡಕ್ ಅದನ್ನೆತ್ತಿ ತೊಟ್ಟಿಯ ನೀರಿಗೆ ಬಿಡುವನು. ಸಾಯುವ ಮೀನನ್ನು ಉಳಿಸುವವನು ಎಂತಹ ಕೊಲೆಗಾರನೆಂದು ಬಮ್‌ಸ್ಟೆಡ್ಡನು ಚಿಂತಿಸುವನು. ಮರ್ಡಕ್‌ಗೆ ಕೊಲೆಗಾರನೊಬ್ಬನ ಸ್ಮೃತಿಯನ್ನು ಚುಚ್ಚುತ್ತಿರುವಾಗಲೇ ಅವನಿಗೆ ಎಚ್ಚರವಾಗಿದ್ದಿತೆಂದು ಮುಂದೆ ತಿಳಿಯುತ್ತದೆ. ಅದೇ ಸ್ಮೃತಿಯನ್ನು ಅಪರಿಚಿತರಲ್ಲೊಬ್ಬನಾದ ಮಿಸ್ಟರ್ ಹ್ಯಾಂಡನು ಮರ್ಡಕ್‌ನನ್ನು ಹಿಡಿಯುವುದಕ್ಕಾಗಿ ತನಗೇ ಚುಚ್ಚಿಸಿಕೊಂಡು ನಿಜವಾಗಿಯೂ ಕೊಲೆಗಾರನಾಗುವನು. ಸ್ವಭಾವವಿಲ್ಲದವನಿಗೆ ಸ್ಮೃತಿಯೇ ವಿಧಿ. ಸ್ವಭಾವವುಳ್ಳವನಿಗೆ ಅದು ಪರರ ಉಡುಗೆ. ಈ ಸಿದ್ಧಾಂತವನ್ನು ಚಿತ್ರವು ಉಪದೇಶಿಸದೆ ಘಟನೆಗಳಿಂದಲೇ ಧ್ವನಿಸುತ್ತದೆ.

ಸ್ಮೃತಿಭ್ರಂಶದ ವಸ್ತುವು ನಮಗೆ ಹೊಸದಲ್ಲ. ಕಾಳಿದಾಸನ 'ಶಾಕುಂತಲ'ದಲ್ಲಿ ಶಾಪದಿಂದ ಮರೆತ ದುಷ್ಯಂತನಿಗೆ ಉಂಗುರವು ಪೂರ್ವವೃತ್ತಾಂತವನ್ನು ಮರಳಿಸುತ್ತದೆ. ಅಲ್ಲಿ ಮರೆತದ್ದು ನಡೆದಿತ್ತು. ಇಲ್ಲಿ ಮರ್ಡಕ್‌ನಿಗೂ ಅವನ ಪತ್ನಿಯೆನಿಸಿದ ಎಮಾಳಿಗೂ ದಾಂಪತ್ಯವೆಂಬುದು ನಡೆದೇ ಇಲ್ಲ. ಉಂಗುರಕ್ಕೆ ಮರಳಿಸತಕ್ಕುದೇನೂ ಇಲ್ಲ. ಆದರೂ ಕಡೆಯಲ್ಲಿ ಆನ್ನಾ ಎಂಬ ಬೇರೊಂದು ಹೆಸರನ್ನೂ ಬೇರೊಂದು ಗತವನ್ನೂ ಹೊತ್ತು ನಿಂತ ಅವಳೊಡನೆ ಅವನು ಹೊಸದಾಗಿ ಮಾತು ತೊಡಗುವನು. ಇದು ಪ್ರತ್ಯಭಿಜ್ಞೆಯಿಲ್ಲದ ಪುನಸ್ಸಮಾಗಮ. ಇದರ ಕರುಣಮಿಶ್ರವಾದ ಶೃಂಗಾರವು ಅಪೂರ್ವವಾದುದು.

ದೋಷಗಳನ್ನೂ ಹೇಳಬೇಕು. 1998ರ ಪ್ರತಿಯು ಆರಂಭದಲ್ಲಿಯೇ ಶ್ರೇಬರನ ಬಾಯಿಂದ ಅಪರಿಚಿತರ ಗುಟ್ಟನ್ನು ಹೊರಗೆಡಹುತ್ತದೆ. ನಾಯಕನು ಅರಿಯದುದನ್ನು ಪ್ರೇಕ್ಷಕನು ಮೊದಲೇ ಅರಿತರೆ ಅನ್ವೇಷಣೆಗೆ ಜೀವವೆಲ್ಲಿಯದು? 2008ರಲ್ಲಿ ಬಂದ ನಿರ್ದೇಶಕರ ಪರಿಷ್ಕೃತ ಪ್ರತಿಯಲ್ಲಿ ಈ ಪೀಠಿಕೆಯನ್ನು ತೆಗೆದುಹಾಕಿರುವುದು ಉಚಿತವಾಗಿದೆ. ಅಧ್ಯಾಪಕರು ಅದನ್ನೇ ಆರಿಸಿಕೊಳ್ಳತಕ್ಕದ್ದು. ಆದರೆ ಎರಡನೆಯ ದೋಷವು ಅದರಲ್ಲಿಯೂ ಉಳಿದಿದೆ. ನಗರದ ಎಲ್ಲೆಯ ಗೋಡೆಯನ್ನೊಡೆದು ಆಚೆಯ ಶೂನ್ಯವನ್ನು ಕಂಡೊಡನೆ ಬಮ್‌ಸ್ಟೆಡ್ಡನು ಅದರಲ್ಲಿ ಕಣ್ಮರೆಯಾಗುವನು. ಸತ್ಯವನ್ನು ಕಂಡ ಪತ್ತೇದಾರನಿಗೆ ಅದನ್ನು ನುಡಿಯಲು ಕ್ಷಣವೂ ಇಲ್ಲ. ಆಮೇಲೆ ವಿಚಾರವು ಹಿಂಜರಿದು, ಮನೋಬಲಗಳ ಗಗನಯುದ್ಧವು ರಂಗವನ್ನಾಕ್ರಮಿಸುತ್ತದೆ. ಬುದ್ಧಿಯಿಂದ ಬಿಡಿಸಬೇಕಾದ ಗಂಟನ್ನು ಭುಜಬಲದಿಂದ ಹರಿದಂತಾಯಿತು. ಗೆದ್ದ ಮರ್ಡಕ್ ಕಡಲನ್ನು ತನ್ನ ಇಚ್ಛೆಯಂತೆ ನಿರ್ಮಿಸಿ ನಗರವನ್ನು ಸೂರ್ಯನತ್ತ ತಿರುಗಿಸುವನು. ಜನರ ಲೋಕವನ್ನು ಅವರನ್ನು ಕೇಳದೆಯೇ ತಿದ್ದುವ ಅಧಿಕಾರವು ಅಪರಿಚಿತರಿಂದ ಇವನ ಕೈಗೆ ಬಂದುದನ್ನು ಕೃತಿಯು ಪ್ರಶ್ನಿಸುವುದಿಲ್ಲ.

ಇಷ್ಟಾದರೂ ವಿಜ್ಞಾನದ ಅದ್ಭುತವನ್ನೂ ಅಪರಾಧದ ಭಯಾನಕವನ್ನೂ ಒಂದೇ ಪ್ರಶ್ನೆಗೆ ಅಧೀನಗೊಳಿಸಿದ ಕೃತಿಗಳು ವಿರಳ. ಕೊಂದವನಾರೆಂದು ಕೇಳಲು ಹೊರಟ ಪ್ರೇಕ್ಷಕನು 'ನಾನಾರು' ಎಂದು ಕೇಳಿಕೊಳ್ಳುತ್ತ ಹೊರಬರುವನು. ಚಿತ್ರದ ಸಾರ್ಥಕ್ಯವು ಇದರಲ್ಲಿದೆ.