‘ರಿಜುಮು ತೆಂಗೊಕು’: ಲಯದ ಆಟದಲ್ಲಿ ಕಿವಿಯ ಸ್ಥಾನ

ಕೈಯಲ್ಲಿ ಹಿಡಿದು ಆಡುವ ಯಂತ್ರಗಳಿಗಾಗಿ ರಚಿತವಾದ ಲಯದ ಆಟಗಳು ಹಲವು ಬಂದಿವೆ. ಅವುಗಳಲ್ಲಿ ಬಹುಪಾಲು ಕಣ್ಣಿನ ಆಟಗಳೇ. ತೆರೆಯ ಮೇಲೆ ಗುರುತೊಂದು ಬರುತ್ತದೆ. ಅದು ಗೊತ್ತುಪಡಿಸಿದ ಜಾಗವನ್ನು ಮುಟ್ಟಿದೊಡನೆ ಗುಂಡಿಯನ್ನು ಒತ್ತಬೇಕು. ಹಾಡು ಅಲ್ಲಿ ಜೊತೆಗಿರುತ್ತದೆ, ಅಷ್ಟೆ. ಅದನ್ನು ನಿಲ್ಲಿಸಿದರೂ ಚುರುಕುಗಣ್ಣಿನವನು ಗೆಲ್ಲಬಲ್ಲನು. ಈ ಸಾಲಿಗೆ ಸೇರದ ಒಂದು ಕೃತಿಯನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ನಿಂಟೆಂಡೊ ಸಂಸ್ಥೆಯು 2006ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕಾಗಿ ಜಪಾನಿನಲ್ಲಿ ಹೊರತಂದ ‘ರಿಜುಮು ತೆಂಗೊಕು’, ಎಂದರೆ ‘ಲಯದ ಸ್ವರ್ಗ’, ಸಣ್ಣ ಸಣ್ಣ ಆಟಗಳ ಒಂದು ಸಂಕಲನ. ಇದರ ಮೂಲ ಕಲ್ಪನೆ ಗೀತರಚಕರೂ ಸಂಗೀತ ನಿರ್ಮಾಪಕರೂ ಆದ ತ್ಸುಂಕು ಅವರದು. ಒಂದು ಆಟದಲ್ಲಿ ತೂರಿ ಬರುವ ಕುಂಡವನ್ನು ಕರಾಟೆ ಪಟು ಗುದ್ದಬೇಕು. ಇನ್ನೊಂದರಲ್ಲಿ ತರಕಾರಿಯ ಮುಖದ ಮೇಲೆ ಕೂದಲುಗಳು ಒಂದೊಂದಾಗಿ ಮೊಳೆಯುತ್ತವೆ. ಮೊಳೆತ ನಡೆಯಲ್ಲಿಯೇ ಅವನ್ನು ಚಿಮಟದಿಂದ ಕೀಳಬೇಕು. ವಿಷಯವೇನೋ ಹಗುರ, ಹಾಸ್ಯಾಸ್ಪದವೂ ಹೌದು. ಆದರೆ ಕಟ್ಟಡವನ್ನು ಗಮನಿಸಬೇಕು. ಮೊದಲು ಪ್ರಶ್ನೆ, ಅಷ್ಟೇ ಕಾಲಪ್ರಮಾಣದಲ್ಲಿ ಮರಳಿ ಉತ್ತರ. ಚಿಮಟವನ್ನೇ ದಿಟ್ಟಿಸುತ್ತ ಕುಳಿತವನು ತಡವಾಗುತ್ತಾನೆ. ಕೇಳಿದ ನಡೆಯನ್ನು ಮನಸ್ಸಿನಲ್ಲಿ ಉಳಿಸಿಕೊಂಡವನು ಗೆಲ್ಲುತ್ತಾನೆ.

ಕೆಲವು ಆಟಗಳಾದ ಬಳಿಕ ಬರುವ ‘ರೀಮಿಕ್ಸ್’ ಘಟ್ಟದಲ್ಲಿ ಅವೇ ಆಟಗಳು ಒಂದೇ ಹಾಡಿನೊಳಗೆ ಥಟ್ಟನೆ ಬದಲಾಗುತ್ತ ಹೋಗುತ್ತವೆ. ಚಿತ್ರ ಬದಲಾದರೂ ಲಯ ಕಡಿಯುವುದಿಲ್ಲ. ಚಿತ್ರವನ್ನು ನಂಬಿದವನಿಗೆ ಅದು ಗೊಂದಲ. ಲಯವನ್ನು ನಂಬಿದವನಿಗೆ ಒಂದೇ ಓಟ. ಕೃತಿಯ ಆಶಯವು ಇಲ್ಲಿಯೇ ಸ್ಪಷ್ಟವಾಗಿ ವ್ಯಕ್ತವಾಗಿದೆ.

ಯಂತ್ರದ ವಿಚಾರವನ್ನೂ ಹೇಳಬೇಕು. ಗುಂಡಿ, ತೆರೆ, ಧ್ವನಿ ಮೂರೂ ಒಂದೇ ಪುಟ್ಟ ಪೆಟ್ಟಿಗೆಯಲ್ಲಿರುವುದರಿಂದ ಒತ್ತಿದ್ದಕ್ಕೂ ಕೇಳಿದ್ದಕ್ಕೂ ನಡುವಣ ಅಂತರ ತೀರ ಕಿರಿದು. ಇಂದಿನ ಟೆಲಿವಿಷನ್ ತೆರೆಗಳು ಚಿತ್ರವನ್ನೂ ತಂತಿಯಿಲ್ಲದ ಇಯರ್‌ಫೋನುಗಳು ಧ್ವನಿಯನ್ನೂ ತುಸು ತಡಮಾಡುತ್ತವೆ. ಸೆಕೆಂಡಿನ ಹತ್ತರಲ್ಲೊಂದು ಪಾಲು ತಪ್ಪಿದರೂ ಇಂಥ ಆಟ ಕೆಡುತ್ತದೆ. 2008ರಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕೆ ಬಂದ ಮುಂದಿನ ಕೃತಿಯು ಗುಂಡಿಯನ್ನು ಬಿಟ್ಟು, ಕಡ್ಡಿಯಿಂದ ತೆರೆಯನ್ನು ಮುಟ್ಟಿ ಚಿಮ್ಮುವ ಕ್ರಮವನ್ನು ತಂದಿತು. ಗುಂಡಿಯ ಒತ್ತು ಒಂದೇ ಕ್ಷಣದ್ದು. ಚಿಮ್ಮುವಿಕೆಗಾದರೋ ಆದಿಯೂ ಅಂತ್ಯವೂ ಉಂಟು. ಅವೆರಡರಲ್ಲಿ ಯಾವುದು ತಾಳಕ್ಕೆ ಸಲ್ಲಬೇಕೆಂಬ ಸಂದೇಹ ಅಲ್ಲಿ ಹುಟ್ಟುತ್ತದೆ. ಈ ದೃಷ್ಟಿಯಿಂದ ಮೊದಲ ಕೃತಿಯೇ ಮೇಲೆಂಬುದು ನಮ್ಮ ಅಭಿಪ್ರಾಯ.

ಕೊರತೆಯನ್ನೂ ಹೇಳದೆ ಬಿಡಲಾಗದು. ಇಲ್ಲಿ ಆಟಗಾರನು ಉತ್ತರ ಕೊಡುತ್ತಾನೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ. ತನ್ನದೇ ಆದ ಒಂದು ನಡೆಯನ್ನು ಸೇರಿಸುವ ಸ್ವಾತಂತ್ರ್ಯ ಅವನಿಗಿಲ್ಲ. ಆದುದರಿಂದ ಇದನ್ನು ವಾದನವೆನ್ನಲಾಗದು. ಆದರೆ ವಾದನಕ್ಕೆ ಮುನ್ನ ಬೇಕಾದ ಶ್ರವಣಶಿಕ್ಷಣವನ್ನು ಇದು ನಗುನಗುತ್ತ ಕೊಡುತ್ತದೆ. ಪೆಟ್ಟು ತಪ್ಪಿತೆಂಬುದು, ಕೊನೆಯಲ್ಲಿ ಯಂತ್ರವು ತೀರ್ಪು ನೀಡುವುದಕ್ಕೆ ಬಹಳ ಮೊದಲೇ, ಆಟಗಾರನ ಬೆರಳಿಗೆ ತಿಳಿದಿರುತ್ತದೆ. ಇದೇ ಈ ಕೃತಿಯ ಸಿದ್ಧಿ.