ಕುಣಿದ ಕಾಲು, ನೆಲಕ್ಕೆ ಕೂತ ಕಾಲು

ಜೈಪುರ ಕಾಲು ಎಂದೊಡನೆ ನೆನಪಾಗುವ ಹೆಸರು ಸುಧಾ ಚಂದ್ರನ್. 1981ರ ಬಸ್ ಅಪಘಾತದ ನಂತರ ಕಾಲು ಕಳೆದುಕೊಂಡ ಈ ಭರತನಾಟ್ಯ ಕಲಾವಿದೆ ಕೃತಕ ಕಾಲು ತೊಟ್ಟು ಮತ್ತೆ ವೇದಿಕೆ ಏರಿದರು. ತೆಲುಗಿನ 'ಮಯೂರಿ', ಅದರ ಹಿಂದಿ ರೂಪ 'ನಾಚೇ ಮಯೂರಿ' (1986) ಅವರದೇ ಕತೆ, ನಾಯಕಿಯೂ ಅವರೇ. ನೋಡಿದವರ ಕಣ್ಣು ಒದ್ದೆಯಾಗುವುದು ಸಹಜ. ನಮ್ಮ ತಕರಾರು ಒಂದೇ. ಚಿತ್ರದಲ್ಲಿ ಆ ಕಾಲು ಗೆಲ್ಲುವುದು ಕುಣಿದಾಗ ಮಾತ್ರ. ಕುಣಿಯಬೇಕಾಗಿಲ್ಲದವರ ಗತಿಯೇನು?

ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ 1960ರ ದಶಕದ ಕೊನೆಗೆ ಈ ಕಾಲು ರೂಪುಗೊಂಡದ್ದು ವೇದಿಕೆಗಾಗಿ ಅಲ್ಲ. ಅದಕ್ಕೆ ಮುಂಚೆ ಸಿಗುತ್ತಿದ್ದ ಪಾಶ್ಚಾತ್ಯ ಮಾದರಿಯ ಪಾದಕ್ಕೆ ಬೂಟು ಬೇಕಿತ್ತು. ಕುರ್ಚಿಯ ಮೇಲೆ ಕೂರುವವರಿಗೆ ಅದು ಸರಿ. ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯುವವನು, ಕುಕ್ಕರುಗಾಲಲ್ಲಿ ಕೂತು ಶೌಚ ಮಾಡುವವನು, ಚಕ್ಕಳಮಕ್ಕಳ ಹಾಕಿ ದಸ್ತರ್‌ಖ್ವಾನಿನ ಮುಂದೆ ಉಣ್ಣುವವನು ಅದನ್ನು ಮೂಲೆಗೆ ಎಸೆಯುತ್ತಿದ್ದ. ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರಬ್ಬರು, ಮರ ಸೇರಿಸಿ ಎಲ್ಲ ಕಡೆಗೂ ಬಾಗುವ, ನೀರಿಗೆ ಹೆದರದ ಪಾದ ಮಾಡಿದರು. ಮೊಣಕಾಲು ಉಳಿದವರು ಅದನ್ನು ತೊಟ್ಟು ನೆಲಕ್ಕೆ ಕೂತು ಏಳಬಹುದು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮರ ಹೆಸರು ಹೇಳುವವರು ಕಡಿಮೆ. ಕೈಕೆಲಸದ ಉಸ್ತಾದರ ಪಾಡು ಎಲ್ಲೆಡೆಯೂ ಇಷ್ಟೇ ಇರಬೇಕು!

ನಮ್ಮ ಮನೆಗಳ ಹಿರಿಯರದೊಂದು ದುವಾ ಇದೆ: 'ಯಾ ಅಲ್ಲಾಹ್, ಚಲ್ತೇ ಫಿರ್ತೇ ಉಠಾಲೇ.' ನಡೆದಾಡುತ್ತಿರುವಾಗಲೇ ಕರೆದುಕೋ, ಯಾರಿಗೂ ಮೊಹತಾಜ್ ಮಾಡಬೇಡ ಎಂದು. ಸಾವಿಗಿಂತ ಹೆಚ್ಚಾಗಿ ಅವರು ಹೆದರುವುದು ಪಾಯಖಾನೆಗೆ ಹೋಗಲು ಸೊಸೆಯನ್ನು ಕೂಗಬೇಕಾದ ದಿನಕ್ಕೆ. ಕತೆಗಾರರಾದ ನಾವು ಈ ದುವಾ ಕೇಳಿ ಕಣ್ಣೀರು ಬರೆದೆವು. ಗೋಡೆಗೊಂದು ಹಿಡಿಕೆ ಹಾಕಿಸಿದ್ದರೆ ಆಕೆ ಯಾರನ್ನೂ ಕೂಗಬೇಕಾಗಿರಲಿಲ್ಲ ಎಂಬುದು ನಮ್ಮ ಲೇಖನಿಗೆ ತೋಚಲೇ ಇಲ್ಲ. ಸಿನಿಮಾದವರನ್ನಷ್ಟೇ ದೂರಿ ಪ್ರಯೋಜನವಿಲ್ಲ.

ನಮ್ಮದೇ ಹಳೆಯ ಕತೆಯೊಂದರಲ್ಲಿ ಮಸೀದಿಯ ಮೆಟ್ಟಿಲ ಬಳಿ ಒಬ್ಬ ಕುಂಟ ಕೂತಿರುತ್ತಾನೆ. ನಾಯಕ ಅವನ ಕೈಗೆ ಸದಕಾ ಹಾಕಿ ದೊಡ್ಡವನಾಗುತ್ತಾನೆ, ಅಷ್ಟಕ್ಕಾಗಿಯೇ ಅವನಿದ್ದಾನೆ. ಅವನು ಒಳಗೆ ಬಂದು ಒದ್ದೆ ಕಲ್ಲಿನ ಮೇಲೆ ಹೇಗೆ ವುಝೂ ಮಾಡಿದ, ಯಾವುದನ್ನು ಹಿಡಿದು ಎದ್ದ ಎಂದು ನಾವು ಬರೆಯಲಿಲ್ಲ. ಅವನನ್ನು ಒಳಗೇ ಬಿಡಲಿಲ್ಲವಲ್ಲ! ಆ ಕತೆಯನ್ನು ಮತ್ತೆ ಬರೆಯಬೇಕು. ಈ ಸಲ ನಾಯಕನನ್ನು ಕೈಬಿಟ್ಟು, ಮೆಟ್ಟಿಲ ಪಕ್ಕ ಕಬ್ಬಿಣದ ಸರಳು ಕೂರಿಸಲು ಬಂದ ವೆಲ್ಡಿಂಗ್ ಹುಡುಗನಿಂದ ಶುರು ಮಾಡುವ ಯೋಚನೆಯಿದೆ.