ಕೈಪಿಡಿಯ ಮೂಲ ಕಡತ: ನೋಡಲೋ, ಕಟ್ಟಲೋ?

ತಂತ್ರಾಂಶ ಸಿಕ್ಕರೆ ಸಾಲದು, ಅದನ್ನು ಬಳಸುವ ಬಗೆ ತಿಳಿಸುವ ಕೈಪಿಡಿಯೂ ಬೇಕು. ಕೈಪಿಡಿಯನ್ನು ಸಿದ್ಧ ಪುಟಗಳಾಗಿ ಕೊಡಬಹುದು. ಆ ಪುಟಗಳನ್ನು ರೂಪಿಸುವ ಮೂಲ ಕಡತವನ್ನೂ ಕೊಡಬಹುದು. ಮೂಲ ಕಡತ ಕೈಗೆ ಬಂದರೆ ಎಲ್ಲ ಬಂದಂತೆಯೇ? ಎರಡು ಹೆಸರಾಂತ ಕೈಪಿಡಿಗಳನ್ನು ಹೋಲಿಸಿ ನೋಡೋಣ.

ಮೊದಲನೆಯದು ಡೊನಾಲ್ಡ್ ಕನೂತ್ ಅವರ 'ದಿ ಟೆಕ್‌ಬುಕ್' (1984). ಗಣಿತದ ಸೂತ್ರಗಳನ್ನು ಅಂದವಾಗಿ ಮುದ್ರಿಸಲು ಅವರೇ ರೂಪಿಸಿದ 'ಟೆಕ್' ಎಂಬ ಅಕ್ಷರಜೋಡಣೆ ತಂತ್ರಾಂಶದ ಕೈಪಿಡಿ ಇದು. ಇದರ ಮೂಲ ಕಡತವನ್ನು ನೀವು ಅಂತರಜಾಲದಿಂದ ಇಳಿಸಿಕೊಳ್ಳಬಹುದು. ಸೂತ್ರವನ್ನೋ ಕೋಷ್ಟಕವನ್ನೋ ಲೇಖಕರು ಹೇಗೆ ಬರೆದಿದ್ದಾರೆಂದು ಸಾಲು ಸಾಲಾಗಿ ಕಲಿಯಬಹುದು. ಆದರೆ ಅದನ್ನು ಟೆಕ್‌ಗೆ ಕೊಟ್ಟರೆ ಪುಸ್ತಕ ಹೊರಬರುವುದಿಲ್ಲ. ಹಕ್ಕುಸ್ವಾಮ್ಯದ ಎಚ್ಚರಿಕೆ ಮತ್ತೆ ಮತ್ತೆ ಕಾಣಿಸುತ್ತದೆ. ಕಡತದ ಆರಂಭದಲ್ಲೇ ಅಂಥ ಆಜ್ಞೆಯನ್ನು ಬೇಕೆಂದೇ ಸೇರಿಸಲಾಗಿದೆ. ಪುಸ್ತಕ ಮಾರಾಟಕ್ಕಿರುವುದರಿಂದ ಇದು ಅನ್ಯಾಯವಲ್ಲ. ಆದರೂ ಇದು ಗಾಜಿನ ಕಪಾಟಿನೊಳಗಿನ ಉಪಕರಣ: ನೋಡಬಹುದು, ಮುಟ್ಟುವಂತಿಲ್ಲ.

ಎರಡನೆಯದು ಗ್ನೂ ಯೋಜನೆಯ 'ಇಮ್ಯಾಕ್ಸ್' ಸಂಪಾದಕದ ಕೈಪಿಡಿ. ಇದರ ಮೂಲವನ್ನು 'ಟೆಕ್ಸಿನ್ಫೊ' ಎಂಬ ಗುರುತು ಭಾಷೆಯಲ್ಲಿ ಬರೆದಿದ್ದಾರೆ. ತಂತ್ರಾಂಶದ ಮೂಲದ ಜೊತೆಯಲ್ಲೇ ಅದೂ ಬರುತ್ತದೆ. 'ಕಾನ್ಫಿಗರ್' ನಡೆಸಿ, 'ಮೇಕ್ ಪಿಡಿಎಫ್' ಎಂದು ಆಜ್ಞೆ ಕೊಟ್ಟರೆ ಪುಸ್ತಕ ಸಿದ್ಧವಾಗುತ್ತದೆ. ಇಲ್ಲಿ ಗಣಕ ಕಡತವನ್ನು ಒಮ್ಮೆ ಓದಿದರೆ ಸಾಲದು. ಮುಂದೆ ಬರುವ ಅಧ್ಯಾಯ ಯಾವ ಪುಟಕ್ಕೆ ಬೀಳುತ್ತದೆಂದು ಮೊದಲ ಓದಿನಲ್ಲಿ ಗೊತ್ತಿರುವುದಿಲ್ಲ. ಆದ್ದರಿಂದ ಪುಟಸಂಖ್ಯೆಗಳನ್ನು ಬೇರೊಂದು ಕಡತದಲ್ಲಿ ಬರೆದಿಟ್ಟುಕೊಂಡು ಮರು ಓದಿನಲ್ಲಿ ತುಂಬಲಾಗುತ್ತದೆ. ನಿಮ್ಮಲ್ಲಿರುವ ತಂತ್ರಾಂಶದ ಆವೃತ್ತಿಗೇ ಸರಿಹೊಂದುವ ಕೈಪಿಡಿ ಸಿಗುವುದು ಇದರ ದೊಡ್ಡ ಲಾಭ.

ಕೊರತೆಗಳೂ ಇವೆ. ಪಿಡಿಎಫ್ ಕಟ್ಟಲು ಟೆಕ್ ಬೇಕು. ಅದನ್ನೊಳಗೊಂಡ 'ಟೆಕ್ ಲೈವ್' ಸಂಗ್ರಹವನ್ನು ಪೂರ್ತಿ ಸ್ಥಾಪಿಸಿದರೆ ಹಲವು ಗಿಗಾಬೈಟ್ ಜಾಗ ಹಿಡಿಯುತ್ತದೆ. ಶಾಲೆಯ ಹಳೆಯ ಗಣಕಕ್ಕೆ ಇದು ಹೊರೆಯೇ ಸರಿ. ಅಂಥಲ್ಲಿ 'ಮೇಕ್ ಎಚ್‌ಟಿಎಂಎಲ್' ಸಾಕು. ಅದಕ್ಕೆ ಟೆಕ್ ಬೇಡ.

ಇನ್ನೊಂದು ಕೊರತೆ ಪರವಾನಗಿಯದು. ಈ ಕೈಪಿಡಿಯಲ್ಲಿ 'ಗ್ನೂ ಪ್ರಣಾಳಿಕೆ'ಯೂ ಸೇರಿದಂತೆ ಕೆಲವು ಭಾಗಗಳನ್ನು ಯಾರೂ ಬದಲಿಸುವಂತಿಲ್ಲ, ಬಿಡುವಂತಿಲ್ಲ. ನೀವು ಕೈಪಿಡಿಯನ್ನು ಕನ್ನಡಕ್ಕೆ ತಂದು ಹಂಚಿದರೂ, ವಿಶೇಷ ಅನುಮತಿ ಇಲ್ಲದಿದ್ದರೆ, ಆ ಭಾಗಗಳ ಇಂಗ್ಲಿಷ್ ಮೂಲವನ್ನು ಜೊತೆಗಿಡಲೇಬೇಕು. ಇಂಥ ಭಾಗಗಳಿರುವ ಕೈಪಿಡಿಗಳು ಮುಕ್ತವಲ್ಲವೆಂದು ಡೆಬಿಯನ್ ಬಳಗ 2006ರಲ್ಲಿ ಮತ ಹಾಕಿ ತೀರ್ಮಾನಿಸಿತು. ಆ ಆಕ್ಷೇಪದಲ್ಲಿ ಹುರುಳಿದೆ.

ಹಾಗಾದರೆ ಯಾವುದು ಮೇಲು? ಬರವಣಿಗೆಯ ಚೆಲುವಿಗೆ ಕನೂತ್ ಅವರ ಮೂಲವನ್ನು ಓದಿ. ಕೈಯಾರೆ ಕಟ್ಟಿ ಕಲಿಯಲು ಗ್ನೂ ಕೈಪಿಡಿಯನ್ನು ಆರಿಸಿಕೊಳ್ಳಿ. ಇನ್ನು ಮುಂದೆ ಯಾವುದೇ ಕೈಪಿಡಿಯ ಮೂಲವನ್ನು ಇಳಿಸಿಕೊಂಡಾಗ ಮೂರು ಪ್ರಶ್ನೆ ಕೇಳಿ: ಇದನ್ನು ಕಟ್ಟಬಹುದೇ? ತಿದ್ದಬಹುದೇ? ತಿದ್ದಿದ್ದನ್ನು ಹಂಚಬಹುದೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಅದು ನಿಮ್ಮ ತರಗತಿಯ ಸೊತ್ತಾಗಬಲ್ಲದು.